ಮೊದಲ ನೀರು

ನಮ್ಮ ಧರ್ಮಕೇಂದ್ರದ ನೂರು ವರ್ಷದ ಚರಿತ್ರೆಯನ್ನು ಅರವತ್ತೆರಡು ಪುಟ ಬರೆದಿದ್ದೆ. ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಗೋಪುರ ಎದ್ದ ವರ್ಷ ಸರಿಯಿತ್ತು. ಗಂಟೆಯ ತೂಕ ಸರಿಯಿತ್ತು. ಯಾವ ಬಿಷಪ್ ಯಾವ ದಿನ ಬಂದು ಯಾವ ಕಲ್ಲಿಟ್ಟರು ಎಂಬುದೂ ಸರಿಯಿತ್ತು. ಆದರೂ ಅದು ಸುಳ್ಳು ಪುಸ್ತಕ. ಹಾಗೆಂದು ಗೊತ್ತಿದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ನನ್ನ ಅಕ್ಕ. ಅವಳಿಗೆ ಓದಲು ಬರುವುದಿಲ್ಲ.

ನಾನು ಈ ಚರ್ಚಿನ ಉಪದೇಶಿ. ನಲವತ್ತೊಂದು ವರ್ಷ ಮಕ್ಕಳಿಗೆ ಜಪ ಕಲಿಸಿದ್ದೇನೆ. ಪೂಜೆಯ ಪಾತ್ರೆ ಒರೆಸಿಟ್ಟಿದ್ದೇನೆ. ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ರಿಜಿಸ್ಟರಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆ. ಅಕ್ಕ ಇದೇ ಚರ್ಚಿನ ಬಟ್ಟೆ ಒಗೆಯುವವಳು. ನಮ್ಮಮ್ಮನೂ ಅದೇ ಕೆಲಸದವಳು, ಅಜ್ಜಿಯೂ ಅದೇ. ಚರ್ಚಿನ ಹಿಂದಿನ ಇಳಿಜಾರಿನಲ್ಲಿರುವ ಒಗೆಯುವವರ ಓಣಿ ನಮ್ಮದು. ಈ ಗೋಪುರಕ್ಕೆ ಸುಣ್ಣ ಅರೆದವರು, ಕಲ್ಲು ಹೊತ್ತವರು, ನೀರು ಸೇದಿದವರು ನಮ್ಮ ಓಣಿಯ ಹೆಂಗಸರು. ಗೋಪುರ ಎದ್ದ ಮೇಲೆ ಅವರಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಕೊನೆಯ ಎರಡು ಬೆಂಚು. ಪ್ರಸಾದಕ್ಕೆ ಸಾಲು ನಿಂತರೂ ಕೊನೆಗೆ ನಾವೇ. ಇದನ್ನೂ ನಾನು ಪುಸ್ತಕದಲ್ಲಿ ಬರೆದಿರಲಿಲ್ಲ.

ಆ ಬೆಂಚಿನಿಂದ ಎದ್ದು ಪೀಠದ ಹತ್ತಿರ ಹೋದ ಮೊದಲಿಗ ನಾನು. ಹೇಗೆ ಹೋದೆ? ಅಕ್ಕನ ಕೈಯಿಂದ. ನನಗೆ ಎಂಟು ವರ್ಷವಾದಾಗ ಅಮ್ಮ ತೀರಿಕೊಂಡಳು. ಅಕ್ಕನಿಗೆ ಆಗ ಹದಿನಾಲ್ಕು. ಅವಳು ಒಗೆದಳು, ನಾನು ಓದಿದೆ. ಚಳಿಗಾಲದಲ್ಲಿ ಅವಳ ಬೆರಳ ಸಂದು ಬಿರಿದು ರಕ್ತ ಜಿನುಗುತ್ತಿತ್ತು. ಬಿಳಿ ಬಟ್ಟೆಗೆ ಕೆಂಪು ತಾಗಿದರೆ ಬೈಗುಳ. ಅದಕ್ಕೆ ಪೀಠದ ಮೇಲೆ ಉರಿದು ಉಳಿದ ಮೇಣದ ತುಂಡು ಕರಗಿಸಿ ಬಿರುಕಿಗೆ ಮೆತ್ತಿಕೊಂಡು ಒಗೆಯುತ್ತಿದ್ದಳು. ಬಿಸಿ ಮೇಣ ಸುಟ್ಟಾಗ ನನ್ನ ಕಡೆ ನೋಡಿ ನಗುತ್ತಿದ್ದಳು, ನಾನು ಓದು ನಿಲ್ಲಿಸಬಾರದೆಂದು.

ಇಲ್ಲಿ ಮೊದಲ ನೀರಿನ ವಿಷಯ ಹೇಳಬೇಕು. ಪೂಜೆಯಲ್ಲಿ ರೊಟ್ಟಿಯ ಕೆಳಗೆ ಹಾಸುವ, ಪಾತ್ರೆ ಒರೆಸುವ ಸಣ್ಣ ಬಟ್ಟೆಗಳಿರುತ್ತವೆ. ಅವುಗಳಲ್ಲಿ ಪ್ರಸಾದದ ಕಣ ಉಳಿದಿರಬಹುದು. ಅದಕ್ಕೆ ನೇರವಾಗಿ ಒಗೆಯಲು ಹಾಕುವಂತಿಲ್ಲ. ಪಾದ್ರಿಯೋ, ಅವರು ನೇಮಿಸಿದವನೋ ಮೊದಲು ಬರೀ ನೀರಿನಲ್ಲಿ ಜಾಲಿಸಬೇಕು. ಸೋಪು ಸೋಕಿಸಬಾರದು. ಆ ನೀರನ್ನು ಚರಂಡಿಗೂ ಚೆಲ್ಲಬಾರದು. ಪೂಜೆಯ ಸಾಮಾನಿಡುವ ಕೋಣೆಯಲ್ಲಿ ಒಂದು ಕಲ್ಲಿನ ತೊಟ್ಟಿಯಿದೆ, ಅದರ ಕೊಳವೆ ನೇರ ಮಣ್ಣಿಗೆ ಇಳಿಯುತ್ತದೆ. ಅಲ್ಲಿಗೇ ಸುರಿಯಬೇಕು. ಆಮೇಲಷ್ಟೇ ಬಟ್ಟೆ ಒಗೆಯುವವಳ ಕೈಗೆ. ಇದಕ್ಕೆ ನಾವು ಮೊದಲ ನೀರು ಅನ್ನುತ್ತೇವೆ. ಅದಕ್ಕೆಂದೇ ನೀಲಿ ಅಂಚಿನ ಒಂದು ಬಿಳಿ ಬೋಗುಣಿ ಇತ್ತು. ಈಗಲೂ ಇದೆ.

ಆ ಕೆಲಸ ನನ್ನದು. ಚಳಿಗೆ ನೀರು ಕೊರೆಯುತ್ತಿತ್ತು. ಬರೆಯುವ ಕೈ ಬಿರಿದರೆ ಹೇಗೆ ಎಂದುಕೊಂಡೆ. ಒಂದು ಸೋಮವಾರ ಬೋಗುಣಿಯನ್ನು ಹಿಂಬಾಗಿಲಿನಿಂದ ಅಕ್ಕನ ಕೈಗೆ ದಾಟಿಸಿದೆ.

"ಇದನ್ನೂ ನೀನೇ ಜಾಲಿಸಿಬಿಡು ಅಕ್ಕ. ಯಾರಿಗೂ ಹೇಳ್ಬೇಡ."

"ಮೊದಲ ನೀರಿಗೆ ನಮ್ಮ ಕೈ ತಾಗಬಾರದಂತಲ್ಲೋ?"

"ನಾನು ಹೇಳ್ತಿದ್ದೀನಲ್ಲ. ತಾಗಲಿ ಬಿಡು."

ಎರಡು ವರ್ಷ ಹಾಗೇ ನಡೆಯಿತು. ಅಕ್ಕನ ಕೈ ಇನ್ನಷ್ಟು ಬಿರಿಯಿತು. ನನ್ನ ಅಕ್ಷರ ದುಂಡಗೇ ಉಳಿಯಿತು.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಅದೂ ಸೋಮವಾರವೇ. ಅಕ್ಕನಿಗೆ ಏಳು ತಿಂಗಳು. ಭಾವ ಕಲ್ಲಿನ ಕ್ವಾರಿಗೆ ಹೋಗಿದ್ದ. ಅಕ್ಕ ಚರ್ಚಿನ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಇದ್ದಳು. ಏಳು ತಿಂಗಳ ಹೊಟ್ಟೆ ಹೊತ್ತು ಬಗ್ಗಿ ಒಗೆಯುವುದನ್ನು ಫಾದರ್ ನೋಡಿದ್ದರು, ನಾನು ನೋಡಿದ್ದೆ, ಪೂಜೆಗೆ ಬಂದವರೆಲ್ಲ ನೋಡಿದ್ದರು. ಯಾರೂ ಸಾಕು ಎನ್ನಲಿಲ್ಲ. ಕೂಗು ಕೇಳಿ ಓಡಿದೆ. ಅವಳು ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಸೂಲಗಿತ್ತಿಯನ್ನು ಕರೆಯುವಷ್ಟು ಹೊತ್ತಿರಲಿಲ್ಲ. ಮಗು ಆಗಲೇ ಹೊರಗಿತ್ತು. ಗಂಡು. ಒಂದೂವರೆ ಗೇಣು ಉದ್ದ. ಅಳಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

"ನೀರು ಹಾಕೋ!" ಅಕ್ಕ ಕಿರುಚಿದಳು. "ಹೋಗ್ತಿದೆ ಕಣೋ, ನೀರು ಹಾಕು!"

ನಾನು ನಿಂತೇ ಇದ್ದೆ. ಸಾಯುವ ಮಗುವಿಗೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು, ನೀರು ಸುರಿದು ಮಾತು ಹೇಳಿದರೆ ಸಾಕು ಎಂದು ವರ್ಷ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಕೈ ಏಳಲಿಲ್ಲ. ನಾಲಿಗೆ ಹೊರಳಲಿಲ್ಲ. ಕೊನೆಗೆ ಅವಳೇ ಮಗುವನ್ನು ಎಡಗೈಯಲ್ಲಿ ಹಿಡಿದು ಬಲಗೈ ಚಾಚಿದಳು. ಕೈಗೆ ಎಟುಕಿದ್ದು ಬಿಳಿ ಬೋಗುಣಿ. ಪೀಠದ ಬಟ್ಟೆಗಳು ಅದರಲ್ಲಿ ನೆನೆಯುತ್ತಿದ್ದವು. ಮೊದಲ ನೀರು. ಕನ್ನಡಿಯ ಹಾಗೆ ತಿಳಿಯಾಗಿತ್ತು. ಸೋಪಿನ ತುಂಡು ಇನ್ನೂ ಒಣಗಿಕೊಂಡೇ ಕಲ್ಲಿನ ಮೇಲೆ ಇತ್ತು. ಕಣ್ಣಾರೆ ಕಂಡಿದ್ದೇನೆ. ಮೂರು ಸಲ ಮೊಗೆದು ತಲೆಗೆ ಸುರಿದಳು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಒಂದಕ್ಷರ ತಪ್ಪಲಿಲ್ಲ. ನಾನು ಒಳಗೆ ಕಲಿಸುವಾಗ ಅವಳು ಕಿಟಕಿಯ ಹೊರಗೆ ಒಗೆಯುತ್ತಾ ಕಲಿತದ್ದು. ಹೆಸರೊಂದು ಬೇಕಲ್ಲ, ಆ ಗಳಿಗೆಯಲ್ಲಿ ಅವಳ ಬಾಯಿಗೆ ಬಂದದ್ದು ನನ್ನ ಹೆಸರು. ನನ್ನ ಹೆಸರನ್ನೇ ಇಟ್ಟಳು.

ಮಗು ಇನ್ನೊಂದಿಷ್ಟು ಹೊತ್ತು ಉಸಿರಾಡಿತು. ಆಮೇಲೆ ನಿಲ್ಲಿಸಿತು.

ಆಗಿದ್ದವರು ಹಳೇ ಫಾದರ್. ಗಟ್ಟಿ ದನಿ, ಗಟ್ಟಿ ನಿಯಮ. ಸಂಜೆ ನನ್ನನ್ನು ಆಫೀಸಿಗೆ ಕರೆದರು. ಅಕ್ಕನನ್ನು ಹೊರಗಿನ ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ್ದೆವು. ಬಾಗಿಲು ತೆರೆದೇ ಇತ್ತು.

"ಹೆಂಗಸು ನೀರು ಹಾಕಿದಳಂತೆ. ಯಾವ ನೀರಯ್ಯಾ ಅದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವರು ಕೇಳಿದ್ದು ಮಗುವಿನ ಸಲುವಾಗಿ. ನನ್ನ ಮನಸ್ಸು ಹೋದದ್ದು ಬೋಗುಣಿಗೆ. ಮೊದಲ ನೀರು ಅಂದರೆ, ಅದು ಅವಳ ಕೈಗೆ ಹೇಗೆ ಬಂತು ಅನ್ನುತ್ತಾರೆ. ಎಷ್ಟು ದಿನದಿಂದ ಅನ್ನುತ್ತಾರೆ. ಪೀಠದ ಹತ್ತಿರದಿಂದ ಕೊನೆಯ ಬೆಂಚಿಗೆ ದಾರಿ ಎಷ್ಟು ಹತ್ತಿರ ಎಂದು ನನಗೆ ಗೊತ್ತಿತ್ತು.

"ಸೋಪಿನ ನೀರು ಫಾದರ್," ಎಂದೆ. "ನೊರೆ ಇತ್ತು."

"ಸೋಪು ಬೆರೆತ ಮೇಲೆ ಅದು ನೀರಲ್ಲ. ದೀಕ್ಷೆ ಆಗಿಲ್ಲ. ದೀಕ್ಷೆ ಆಗದವರಿಗೆ ಸ್ಮಶಾನದೊಳಗೆ ಜಾಗ ಇಲ್ಲ, ಗೋಡೆ ಹೊರಗೆ ಹೂಳೋಕೆ ಹೇಳು."

ಅಷ್ಟೇ. ಎರಡು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬಂದೆ. ಅಕ್ಕ ಚಾಪೆಯ ಮೇಲಿನಿಂದ ನನ್ನನ್ನು ನೋಡಿದಳು. ಅವಳು ಒಂದು ಮಾತು ಆಡಿದ್ದರೆ ನಾನು ಬೀದಿಪಾಲು. ಆಡಲಿಲ್ಲ. ಮೈಯಿಂದ ಇನ್ನೂ ರಕ್ತ ಹೋಗುತ್ತಿತ್ತು, ಮಗು ಪಕ್ಕದಲ್ಲಿ ತಣ್ಣಗಿತ್ತು, ಆಗಲೂ ಅವಳು ತಮ್ಮನನ್ನು ಉಳಿಸಿದಳು.

ಭಾವ ಸ್ಮಶಾನದ ಗೋಡೆಯ ಹೊರಗೆ ಗುಂಡಿ ತೋಡಿದ. ಹೊರಗೆ ಹೂತವರಿಗೆ ಶಿಲುಬೆ ನಿಲ್ಲಿಸುವಂತಿಲ್ಲ. ಒಗೆಯುವ ಕಲ್ಲಿನ ಒಡೆದ ಚೂರೊಂದನ್ನು ಅಕ್ಕ ಕಳಿಸಿದ್ದಳು, ಅದನ್ನಿಟ್ಟ. ರಿಜಿಸ್ಟರಿನಲ್ಲಿ ನಾನು ಬರೆದೆ: ಹೆಸರಿಲ್ಲದ ಶಿಶು, ದೀಕ್ಷೆ ಇಲ್ಲ, ಗೋಡೆಯ ಹೊರಗೆ. ಅಕ್ಷರ ಬಹಳ ದುಂಡಗೆ ಬಂದಿತ್ತು.

ಮೂರು ವಾರಕ್ಕೇ ಅಕ್ಕ ಕೆಲಸಕ್ಕೆ ಬಂದಳು. ನಾನು ಅಭ್ಯಾಸಬಲದಿಂದ ಬೋಗುಣಿ ಚಾಚಿದೆ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಮೊದಲ ನೀರು ನೀನೇ ಮಾಡು. ಇನ್ನು ಅದನ್ನ ನಾನು ಮುಟ್ಟಲ್ಲ."

ಅಂದಿನಿಂದ ಪ್ರತಿ ಸೋಮವಾರ ಅವಳು ಹಿಂಬಾಗಿಲಲ್ಲಿ ನಿಂತು, ನಾನು ಜಾಲಿಸಿ ಮುಗಿಸುವವರೆಗೆ ನೋಡುತ್ತಿದ್ದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಭಾವ ಎದೆಗೆ ಕಲ್ಲಿನ ಧೂಳು ಕೂತು ಹೋದ. ನನಗೆ ಮದುವೆಯಾಯಿತು, ಮಕ್ಕಳಾದವು, ಅವರ ಬಟ್ಟೆಯನ್ನೂ ಅವಳೇ ಒಗೆದಳು. ಯಾರಾದರೂ ನನ್ನನ್ನು ಹೆಸರು ಹಿಡಿದು ಕರೆದರೆ ಮಾತ್ರ ಕೇಳಿಸದವನ ಹಾಗೆ ಮುಂದೆ ನಡೆಯುತ್ತಿದ್ದೆ. ಊರೆಲ್ಲ ಉಪದೇಶಿಗಳೇ ಎಂದು ಕರೆಯುವುದೇ ನನಗೆ ನೆಮ್ಮದಿ. ಅದು ಗೌರವಕ್ಕಲ್ಲ.

ಈಗ ಈ ವರ್ಷಕ್ಕೆ ಬರುತ್ತೇನೆ. ಶತಮಾನೋತ್ಸವ ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. ಮೊದಲ ಬೆಂಚು ಅವರದು, ಅವರ ಅಪ್ಪನದು, ಅಜ್ಜನದು. ಚರಿತ್ರೆ ಬರೆಯಲು ನನಗೆ ಹೇಳಿದವರು ಅವರೇ. ಬರುವ ವಾಹನಗಳಿಗೆ ಜಾಗ ಸಾಲದೆಂದು ಸ್ಮಶಾನದ ಹೊರಗಿನ ಖಾಲಿ ನೆಲಕ್ಕೆ ಸಿಮೆಂಟ್ ಹಾಕಿಸುವುದೆಂದು ಸಮಿತಿ ತೀರ್ಮಾನಿಸಿತು. ಗೂಟ ಹೊಡೆದು ದಾರ ಎಳೆದರು. ಮುಂದಿನ ಸೋಮವಾರ ಕೆಲಸ ಶುರು.

ದಾರ ನೋಡಿದ ದಿನವೇ ಅಕ್ಕ ನೇರ ಆಫೀಸಿಗೆ ಬಂದಳು. ಎಪ್ಪತ್ತರ ಹೆಂಗಸು, ಒದ್ದೆ ಸೆರಗು ಹಾಗೇ ಇತ್ತು. ಹೊಸ ಫಾದರ್ ಕುರ್ಚಿ ಎಳೆದುಕೊಟ್ಟರು. ವಯಸ್ಸು ಚಿಕ್ಕದು, ಮನಸ್ಸು ಮೆದು. ನಾನು ಪಕ್ಕದ ಮೇಜಿನಲ್ಲಿ ಗೋಪುರದ ಅಧ್ಯಾಯ ತಿದ್ದುತ್ತಿದ್ದೆ.

"ಸ್ವಾಮಿ, ಆ ನೆಲದಲ್ಲಿ ನನ್ನ ಮಗ ಇದ್ದಾನೆ," ಎಂದಳು. ನಿಂತೇ ಎಲ್ಲ ಹೇಳಿದಳು, ನನ್ನ ಸುಳ್ಳೊಂದನ್ನು ಬಿಟ್ಟು.

ಫಾದರ್ ರಿಜಿಸ್ಟರ್ ತೆಗೆದು ನನ್ನ ಸಾಲನ್ನು ಓದಿದರು. ಮುಖ ಸಪ್ಪೆಯಾಯಿತು.

"ಅಮ್ಮಾ, ಈಗ ಆ ಕಾಲದ ಹಾಗೆ ಗೋಡೆ ಒಳಗೆ ಹೊರಗೆ ಅಂತೇನಿಲ್ಲ. ಗುರುವಾರ ಬೆಳಿಗ್ಗೆ ನಾನೇ ನಿಂತು ಒಳಗೆ ತರಿಸ್ತೀನಿ. ಸದ್ದಿಲ್ಲದೆ ಮುಗಿಸೋಣ. ಹಳೇದನ್ನ ಕೆದಕೋದು ಬೇಡ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗಂತೂ ಬೀಸೋ ದೊಣ್ಣೆ ತಪ್ಪಿದ ಹಾಗಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನನಗೆ ಬಂದದ್ದು ಖುಷಿ.

ಅಕ್ಕ ಕೂರಲಿಲ್ಲ. "ದಯೆ ತೋರಿಸಿ ಒಳಗೆ ತರ್ತೀರಾ, ಇಲ್ಲ ಅವನ ಹಕ್ಕು ಅಂತ ತರ್ತೀರಾ?"

"ಎರಡೂ ಒಂದೇ ಅಲ್ವೇನಮ್ಮಾ?"

"ಒಂದೇ ಅಲ್ಲ ಸ್ವಾಮಿ. ದೀಕ್ಷೆ ಇಲ್ಲ ಅಂತ ಅಲ್ಲಿ ಬರೆದಿದೆ. ದೀಕ್ಷೆ ನಾನು ಕೊಟ್ಟಿದ್ದೀನಿ. ನೀರು ಸರಿಯಿತ್ತು. ಆ ಸಾಲು ಹೊಡೆದುಹಾಕಿ, ಸರಿಯಾಗಿ ಬರೆದು, ಆಮೇಲೆ ತನ್ನಿ. ಕದ್ದುಮುಚ್ಚಿ ತರೋದಾದ್ರೆ ಬೇಡ. ಅವನೇನು ಕಳ್ಳನಾ?"

"ಬರೆದದ್ದನ್ನ ತಿದ್ದೋಕೆ ಸಾಕ್ಷಿ ಬೇಕಲ್ಲಮ್ಮಾ."

"ಸಾಕ್ಷಿ ಇದ್ದಾನೆ. ಅವನೇ ಹೇಳಲಿ."

ನನ್ನ ಕಡೆ ಬೆರಳು ತೋರಿಸಲಿಲ್ಲ. ತಿರುಗಿಯೂ ನೋಡಲಿಲ್ಲ. ಫಾದರ್ ಮಾತ್ರ ನನ್ನನ್ನು ನೋಡಿದರು. ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

"ಬಹಳ ಹಳೇ ವಿಷಯ ಫಾದರ್. ಸರಿಯಾಗಿ ನೆನಪಿಲ್ಲ."

ಗಂಟೆಯ ತೂಕ ನೆನಪಿದ್ದವನು ಹೇಳಿದ ಮಾತು ಇದು. ಅಕ್ಕ ಬಾಗಿಲ ಕಡೆ ನಡೆದಳು. ಅಲ್ಲಿ ನಿಂತು ಹೇಳಿದಳು: "ಸ್ವಾಮಿ, ಇವತ್ತಿಂದ ನಾನು ಚರ್ಚಿನ ಬಟ್ಟೆ ಒಗೆಯಲ್ಲ. ಆ ಸಾಲು ತಿದ್ದೋ ತನಕ ಒಗೆಯಲ್ಲ. ನಮ್ಮ ಓಣಿಯೋರು ಯಾರೂ ಒಗೆಯಲ್ಲ."

ಐವತ್ತಾರು ವರ್ಷದಲ್ಲಿ ಅವಳ ಬಾಯಿಂದ ಒಗೆಯಲ್ಲ ಎಂಬ ಮಾತು ಬಂದದ್ದು ಅದೇ ಮೊದಲು.

ಮಾರನೇ ದಿನ ನಾನು ಪಾಪನಿವೇದನೆಗೆ ಹೋದೆ. ಆ ಮರದ ಗೂಡಿನಲ್ಲಿ ಮಂಡಿಯೂರಿ, ಜಾಲರಿಯಾಚೆಗೆ ಕೂತ ಫಾದರ್‌ಗೆ ಎಲ್ಲ ಹೇಳಿದೆ. ಬೋಗುಣಿ, ನೊರೆ, ಅಕ್ಕನ ನೋಟ, ಎಲ್ಲ. ಹೇಳುತ್ತಾ ಅತ್ತೆ. "ಇದನ್ನ ಹೊರಗೆ ಹೇಳಿ," ಎಂದರು ಅವರು. "ಅಕ್ಕನಿಗೆ ಆದ ಅನ್ಯಾಯ ಇಲ್ಲಿ ಅತ್ತರೆ ಸರಿಹೋಗಲ್ಲ." ಹೂಂ ಎಂದೆ. ಎದೆ ಹಗುರಾಯಿತು. ಮರುದಿನ ಆಫೀಸಿನಲ್ಲಿ ಎದುರಾದಾಗ ಅವರು ಹವಾಮಾನದ ಮಾತಾಡಿದರು. ಗೂಡಿನಲ್ಲಿ ಕೇಳಿದ್ದನ್ನು ಪಾದ್ರಿ ಯಾರೊಂದಿಗೂ ಎತ್ತುವಂತಿಲ್ಲ, ಹೇಳಿದವನ ಎದುರಿಗೂ ಎತ್ತುವಂತಿಲ್ಲ.

ಅಕ್ಕನ ಮನೆಗೆ ಹೋದೆ. ಅವಳು ಕೈ ಖಾಲಿಯಾಗಿ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಏನು ಮಾಡಬೇಕೆಂದು ತಿಳಿಯದೆ ಬೆರಳುಗಳು ಮಡಿಲಲ್ಲಿ ಬಿದ್ದಿದ್ದವು.

"ಅಕ್ಕ, ಫಾದರ್‌ಗೆ ಎಲ್ಲ ಹೇಳಿಬಿಟ್ಟೆ."

ಅವಳ ಮುಖ ಅರಳಿತು. "ಎಲ್ಲಿ ಹೇಳ್ದೆ? ಆಫೀಸಲ್ಲಾ?"

"ಪಾಪನಿವೇದನೇಲಿ."

ಅರಳಿದ್ದು ಹಾಗೇ ಮುಚ್ಚಿತು. "ಅಲ್ಲಿ ಹೇಳಿದ್ದು ಹೊರಗೆ ಬರಲ್ಲ ಅಂತ ಗೊತ್ತಿದ್ದೇ ಹೇಳಿದ್ದೀಯ. ನೀನು ತೊಳ್ಕೊಂಡೆ. ಕೊಳೆ ನೀರನ್ನ ಆ ಹುಡುಗ ಸ್ವಾಮಿ ತಲೆ ಮೇಲೆ ಸುರಿದೆ. ಬುದ್ಧಿವಂತ ಕಣಪ್ಪ ನೀನು. ನಾನೇ ಓದಿಸಿದ್ದಲ್ವಾ."

ಬೈದಿದ್ದರೆ ತಡೆಯುತ್ತಿದ್ದೆ. ಬೈಯಲಿಲ್ಲ. ಕದ ಹಾಕಿಕೊಂಡಳು.

ಗುರುವಾರ ಹೋಯಿತು, ಶನಿವಾರ ಹೋಯಿತು. ಪೀಠದ ಬಟ್ಟೆ ಬದಲಿಸಲು ಒಗೆದದ್ದು ಉಳಿದಿರಲಿಲ್ಲ. ಭಾನುವಾರದ ಪೂಜೆಗೆ ಫಾದರ್ ಸುಕ್ಕುಗಟ್ಟಿದ, ದ್ರಾಕ್ಷಾರಸದ ಕಲೆ ಬಿದ್ದ ಹಾಸಿನ ಮೇಲೆಯೇ ಪಾತ್ರೆ ಇಟ್ಟರು. ಮೊದಲ ಬೆಂಚಿನವರು ಮೂಗು ಮುರಿದರು. "ಅಷ್ಟು ಸೊಕ್ಕಾ ಆ ಮುದುಕಿಗೆ," ಎಂದು ಹೆಡ್‌ಮಾಸ್ತರು ನನಗೆ ಕೇಳುವ ಹಾಗೆ ಹೇಳಿದರು. ನಮ್ಮ ಓಣಿಯವರು ಕೊನೆಯ ಎರಡು ಬೆಂಚಿನಲ್ಲಿ ಕೂತಿದ್ದರು. ನಡುವೆ ಅಕ್ಕ.

ಪೂಜೆಯ ಕೊನೆಗೆ ಚರಿತ್ರೆಯ ಮೊದಲ ಅಧ್ಯಾಯವನ್ನು ನಾನು ಓದಬೇಕೆಂದು ಗೊತ್ತುಮಾಡಿತ್ತು. ಎದ್ದು ನಿಂತೆ. ಕಾಗದ ಬಿಡಿಸಿದೆ. ಗೋಪುರಕ್ಕೆ ನೂರಾರು ಭಕ್ತರ ಬೆವರು ಹರಿಯಿತು ಎಂಬ ಸಾಲು ಬಂತು. ನನ್ನದೇ ಸಾಲು. ಭಕ್ತರಂತೆ. ಬೆವರು ಹರಿಸಿದವರ ಮೊಮ್ಮಗಳು ಬಾಗಿಲ ಪಕ್ಕದಲ್ಲಿ ಕೂತಿದ್ದಳು. ಬೆಳಗಾದರೆ ಅವಳ ಮಗನ ಮೇಲೆ ಸಿಮೆಂಟ್ ಬೀಳುತ್ತದೆ. ಕಾಗದ ಮಡಚಿದೆ.

"ನಮ್ಮಕ್ಕನ ಮಗುವಿಗೆ ಹಾಕಿದ್ದು ಸೋಪಿನ ನೀರಲ್ಲ," ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ. ಬೋಗುಣಿಯನ್ನು ದಾಟಿಸಿದವನು ನಾನು. ನೊರೆ ಇತ್ತೆಂದವನು ನಾನು. ಹೆಸರಿದ್ದ ಮಗುವನ್ನು ಹೆಸರಿಲ್ಲದ ಶಿಶು ಎಂದು ಬರೆದವನು ನಾನು.

ಹೆಡ್‌ಮಾಸ್ತರು ಎದ್ದರು. "ಉಪದೇಶಿ, ಇದು ಪುಸ್ತಕದಲ್ಲಿಲ್ಲ."

"ಇಲ್ಲ. ಅದಕ್ಕೇ ಹೇಳ್ತಿದ್ದೀನಿ."

"ಓಣಿಯಿಂದ ಎತ್ತಿ ಪೀಠದ ಹತ್ತಿರ ನಿಲ್ಲಿಸಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡ್ದೆ. ನಿಮ್ಮ ಕೊಳೆ ತೊಳೆಯೋಕೆ ಇದೇ ಜಾಗ ಬೇಕಿತ್ತಾ?"

ಉತ್ತರ ಕೊನೆಯ ಬೆಂಚಿನಿಂದ ಬಂತು. ಅಕ್ಕ ಎದ್ದಿದ್ದಳು.

"ನಿಮ್ಮಪ್ಪನ ಪೆಟ್ಟಿಗೆ ಮೇಲೆ ಹೊದಿಸಿದ ಬಟ್ಟೆ ಒಗೆದದ್ದು ಈ ಕೈ. ನಿಮ್ಮ ಮಕ್ಕಳ ದೀಕ್ಷೆಯ ಬಟ್ಟೆ ಒಗೆದದ್ದೂ ಈ ಕೈ. ನೂರು ವರ್ಷ ನಿಮ್ಮೆಲ್ಲರ ಕೊಳೆಗೆ ಜಾಗ ನಾವೇ ಕೊಟ್ಟಿದ್ದೀವಿ ಮಾಸ್ತರೇ. ಕೂತ್ಕೊಳಿ."

ಹೆಡ್‌ಮಾಸ್ತರು ಕೂರಲಿಲ್ಲ. ಹೊರನಡೆದರು. ಅವರ ಹಿಂದೆ ಮುಂದಿನ ನಾಲ್ಕು ಬೆಂಚು ಎದ್ದುಹೋಯಿತು. ಫಾದರ್ ನನ್ನ ಹತ್ತಿರ ಬಂದರು. ಎಲ್ಲರೆದುರು ಹೇಳಿದ ಮೇಲೆ ಅವರ ನಾಲಿಗೆಗೂ ಬಿಡುಗಡೆ ಸಿಕ್ಕಿತ್ತು. "ರಿಜಿಸ್ಟರ್ ತನ್ನಿ," ಎಂದರು, "ಮತ್ತೆ ಸನಿಕೆ ಎಲ್ಲಿದೆ?"

ಗೋಡೆಯ ಮೂಲೆಯಿಂದ ಒಂಬತ್ತು ಹೆಜ್ಜೆ. ಅಕ್ಕ ನಡೆದು ತೋರಿಸಿದಳು. ಒಗೆಯುವ ಕಲ್ಲಿನ ಚೂರು ಹುಲ್ಲಿನಡಿ ಅಲ್ಲೇ ಇತ್ತು. ನಾನು ಅಗೆದೆ. ಫಾದರ್ ಕೈ ಹಾಕಲು ಬಂದರು, ಅಕ್ಕ ಬೇಡವೆಂದಳು. "ಅವನೇ ಅಗೆಯಲಿ." ಸೊಂಟ ಹಿಡಿಯಿತು, ಅಂಗೈ ಬೊಕ್ಕೆ ಬಂದು ಒಡೆಯಿತು. ಮೊಣಕಾಲುದ್ದ ತೋಡಿದರೂ ಮೂಳೆ ಸಿಗಲಿಲ್ಲ. ಅಷ್ಟು ಎಳೆಯ ಮೂಳೆ ಎಂದೋ ಕರಗಿಹೋಗಿತ್ತು. ಒಂದು ಕಡೆ ಮಾತ್ರ ಮಣ್ಣು ಸ್ವಲ್ಪ ಕಪ್ಪಗಿತ್ತು. ಅಕ್ಕ ಮಂಡಿಯೂರಿ ಅದನ್ನು ಮುಟ್ಟಿ ನೋಡಿದಳು.

"ಇದೇ," ಎಂದಳು. "ಬೋಗುಣಿ ತಾ."

ಬಿಳಿ ಬೋಗುಣಿಗೆ ಆ ಮಣ್ಣನ್ನು ತುಂಬಿದೆವು. ಮೂವತ್ತೆಂಟು ವರ್ಷದ ಮೇಲೆ ಅವಳು ಅದನ್ನು ಮುಟ್ಟಿದಳು. ಎರಡೂ ಕೈಯಲ್ಲಿ ಎತ್ತಿಕೊಂಡು, ಗೋಡೆ ಸುತ್ತಿ, ಸ್ಮಶಾನದ ದೊಡ್ಡ ಬಾಗಿಲಿನಿಂದ ಒಳಗೆ ನಡೆದಳು. ಓಣಿಯವರು ಹಿಂದೆ ನಡೆದರು. ಭಾವನ ಪಕ್ಕ ಹೂತೆವು. ಫಾದರ್ ಪ್ರಾರ್ಥನೆ ಹೇಳಿದರು. ನಾನು ಜೋರಾಗಿ ಅತ್ತೆ. ಅಕ್ಕ ಅಳಲಿಲ್ಲ. ನನ್ನ ಅಳುವಿಗೆ ಅವಳು ಕಾಯುತ್ತಲೂ ಇರಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ನನ್ನ ಹೆಸರು ತೆಗೆದು ಹೆಡ್‌ಮಾಸ್ತರು ತಮ್ಮ ಹೆಸರು ಹಾಕಿಕೊಂಡಿದ್ದಾರೆ. ಅರವತ್ತೆರಡು ಪುಟವೂ ಹಾಗೇ ಇವೆ. ಈ ಪುಟ ಅದರಲ್ಲಿಲ್ಲ. ಇರಲಿ. ಆ ಭಾನುವಾರ ಸಂಜೆ ಆಫೀಸಿನಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಫಾದರ್ ಹಳೇ ಸಾಲಿನ ಮೇಲೆ ಗೀಟು ಎಳೆದು ಸಹಿ ಮಾಡಿ, ಪೆನ್ನು ನನಗೆ ಕೊಟ್ಟರು. ಅಂಗೈಯ ಬೊಕ್ಕೆಯಿಂದ ಪೆನ್ನು ಜಾರುತ್ತಿತ್ತು. ಅಕ್ಷರ ಸೊಟ್ಟಸೊಟ್ಟ ಬಂತು. ಅಕ್ಕ ಮೇಜಿನ ಪಕ್ಕ ನಿಂತಿದ್ದಳು, ಉಗುರಿನಲ್ಲಿ ಇನ್ನೂ ಮಣ್ಣು.

"ಏನು ಬರೆದೆ? ಓದು."

ಓದಿದೆ. ಮೊದಲು ಮಗುವಿನ ಹೆಸರು. ಸತ್ತವರ ಪುಸ್ತಕದಲ್ಲಿ ನನ್ನ ಹೆಸರನ್ನು ನಾನೇ ಬರೆದು ನಾನೇ ಓದಿದೆ. ಆಯಸ್ಸು, ಒಂದು ಗಳಿಗೆ. ದೀಕ್ಷೆ ಕೊಟ್ಟವರು, ತಾಯಿ. ನೀರು, ಶುದ್ಧ.

"ಇನ್ನೊಂದ್ಸಲ ಓದು."

ಓದಿದೆ.

"ಸಾಕ್ಷಿ ಯಾರು ಅಂತ ಬರೆದೆ?"

"ನಾನು, ಅಕ್ಕ."

ಅವಳು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದಳು, ಓದಲು ಬರುವವಳ ಹಾಗೆ.

"ಮೂವತ್ತೆಂಟು ವರ್ಷ ತಡ ಅಂತಾನೂ ಬರಿ."

ಬರೆದೆ.